ತಿರುಗುಬಲದ ಮೂಲಕ್ಕಾಗಿ ನಡೆದ ಬೀಸುಕಲ್ಲಿನ ಮಹಾಸಮರ

ಉಂಡವರೇ ಹಸಿವಿನ ಚರಿತ್ರೆ ಬರೆಯುವ, ಬೀಸಿ ಅರಿಯದ ಕೈಗಳೇ ಬೀಸುವುದರ ಮೇಲೆ ಗ್ರಂಥ ರಚಿಸುವ ಓ ವಿಚಾರಸಂಕಿರಣಯುಗವೇ, ನಿನಗೆ ನಮಸ್ಕಾರ. ಉಪನ್ಯಾಸಸಹಸ್ರಪರಿಶ್ರಾಂತಕಂಠನೂ ಶಾಲುಭಾರಾವನತಸ್ಕಂಧನೂ ಆದ ಡಾಕ್ಟರ್ ತ್ರಿವಿಕ್ರಮ ಶಾಸ್ತ್ರಿಯನ್ನೂ, ವಿದೇಶಯಾತ್ರಾಪುನೀತನೂ ಅಡಿಟಿಪ್ಪಣಿಶರವರ್ಷಪ್ರವೀಣನೂ ಆದ ಡಾಕ್ಟರ್ ಲೋಕಾಭಿರಾಮಯ್ಯನನ್ನೂ ಹಾಡುವೆ, ಕೇಳಿ.

ತುಮಕೂರು ಸೀಮೆಯ ಕಾಲೇಜೊಂದರ ಸಭಾಂಗಣವೇ ರಣರಂಗ. ವಸ್ತುವನ್ನು ಗರಗರ ತಿರುಗಿಸುವ ಬಲ, ಟಾರ್ಕ್ ಅಂತಾರಲ್ಲ, ಅದರ ತತ್ತ್ವ ಮೊದಲು ಹೊಳೆದದ್ದು ಯಾರಿಗೆ? ನಮ್ಮ ಋಷಿಗಳಿಗೆ, ಎಂದ ಶಾಸ್ತ್ರಿ. ಗ್ರೀಕರಿಗೆ, ಎಂದ ಲೋಕಾಭಿರಾಮಯ್ಯ. ನಡುವಿನ ಮೇಜಿನ ಮೇಲೆ ಹಾರ ಹೊತ್ತು ಕೂತಿದ್ದದ್ದು ಕಾಲೇಜಿನ ಕಸ ಗುಡಿಸುವ ಗಂಗಹನುಮಕ್ಕನ ಮನೆಯ ಬೀಸುವ ಕಲ್ಲು. ಎರಡು ದಿನಕ್ಕೆಂದು ಶಾಸ್ತ್ರಿ ಇಸಿದುಕೊಂಡು ವಾರವಾಗಿತ್ತು.

ಗಂಗಹನುಮಕ್ಕ ಬಾಗಿಲಲ್ಲಿ ನಿಂತಳು. "ಸಾರ್, ಕಲ್ಲು ಕೊಟ್ಬಿಡಿ. ಮಗಳ ಮದುವೆ ಅರಿಶಿನ ಬೀಸೋ ಶಾಸ್ತ್ರ ಇವತ್ತು. ಹನ್ನೆರಡಕ್ಕೆ ರಾಹುಕಾಲ ಹಿಡೀತದೆ. ಮುತ್ತೈದೇರು ಕಾಯ್ತಾ ಕೂತವ್ರೆ."

"ಇರಮ್ಮ, ಇತಿಹಾಸ ತೀರ್ಮಾನ ಆಗ್ಲಿ," ಎಂದ ಶಾಸ್ತ್ರಿ.

"ಆಗ್ಲೇ ಹನ್ನೊಂದಾಯ್ತು. ಬೇರೆ ಕಲ್ಲಲ್ಲಿ ಬೀಸಂಗಿಲ್ಲ ಸಾರ್, ನಮ್ಮತ್ತೆ ಕಲ್ಲೇ ಆಗ್ಬೇಕು."

ಆ ದೀನವಾಣಿಯನ್ನು ಲೆಕ್ಕಿಸದೆ ಶಾಸ್ತ್ರಿ ತಾಳೆಗರಿಯೊಂದನ್ನು ವಜ್ರಾಯುಧದಂತೆ ಎತ್ತಿ ಗರ್ಜಿಸಿದ: "ಸಕಲ ಶಕ್ತಿಯೂ ಕೇಂದ್ರದಲ್ಲಿದೆ ಎನ್ನುತ್ತದೆ ಈ ಗರಿ. ಅಂಚಿನ ಗೂಟ ಅಜ್ಞಾನಿಗಳ ಕೈವಾಡ. ಅದನ್ನು ಕೀಳಿಸಿ, ಕಾಳು ಸುರಿಯುವ ನಡುಬಾಯಿಗೆ ನಾನೇ ಜಡಿಸಿದ್ದೇನೆ. ಇದನ್ನು ತಿರುಗಿಸಿ ಗ್ರೀಕರನ್ನು ಪಠ್ಯದಿಂದ ಓಡಿಸದಿದ್ದರೆ ಈ ಜನ್ಮದಲ್ಲಿ ಮತ್ತೆ ಶಾಲು ಹೊದೆಯೆನು."

"ತಿರುಗಿಸಿ ಸ್ವಾಮಿ, ನೋಡೋಣ," ಎಂದು ಲೋಕಾಭಿರಾಮಯ್ಯ ನಕ್ಕ. "ನೀವು ಸೋತ ಮೇಲೆ ನಾನಿದ್ದೇನೆ."

ಪ್ರಳಯಮೇಘವು ಮೇರುಶಿಖರವನ್ನು ತಬ್ಬುವಂತೆ ಶಾಸ್ತ್ರಿ ಆ ಗೂಟವನ್ನು ತಬ್ಬಿ, ಹಿಂಡಿ, ತಿರುಚಿ, ಕೊರಳ ನರಗಳುಬ್ಬಿ, ಶಾಲು ಜಾರಿ, ಕನ್ನಡಕ ಮೂಗಿನ ತುದಿಗಿಳಿದು, ಪ್ರಾಂಶುಪಾಲರೇ ನಿದ್ದೆಯಿಂದೆದ್ದು ನೋಡುವಷ್ಟು ಘೋರವಾಗಿ ಹೋರಾಡಿದ ಆ ಮುಹೂರ್ತದಲ್ಲಿ, ತಿರುಗಿದ್ದು ಅವನ ಮಣಿಕಟ್ಟು ಮಾತ್ರ. ಕೋಟು ಕಳಚಿ ಅದೇ ಗೂಟಕ್ಕೆ ನುಗ್ಗಿದ ಲೋಕಾಭಿರಾಮಯ್ಯನ ಪರಾಕ್ರಮಕ್ಕೆ ಮೇಜು ನರಳಿತು, ಕಲ್ಲು ಅಲುಗಲಿಲ್ಲ.

ಗಡಿಯಾರ ನೋಡಿದ ಗಂಗಹನುಮಕ್ಕ ಇನ್ನು ಕಾಯಲಿಲ್ಲ. ಒಳಗೆ ಬಂದು ನಡುವಿನ ಗೂಟವನ್ನು ಪೊರಕೆಯ ಹಿಡಿಯಿಂದ ಎರಡು ಬಡಿದು ಕಿತ್ತಳು, ಅಂಚಿನ ತೂತಿಗೆ ಸಿಕ್ಕಿಸಿದಳು, ಎರಡೇ ಬೆರಳಲ್ಲಿ ಕಲ್ಲನ್ನು ಗರಗರ ಸುತ್ತಿಸಿದಳು.

"ಅಂಚಿಗಿದ್ರೇ ಸಾರ್ ತಿರುಗೋದು. ನಡುವೆ ಇಟ್ರೆ ರಟ್ಟೆ ಬಿದ್ದೋಗ್ತದೆ. ನಾನು ಸೊಸೆಯಾಗಿ ಬಂದ ದಿನವೇ ನಮ್ಮತ್ತೆ ಹೇಳ್ಕೊಟ್ಟಿದ್ರು."

ಲೋಕಾಭಿರಾಮಯ್ಯ ಲೇಖನಿ ತೆಗೆದ. "ನಿಮ್ಮತ್ತೆ ಯಾವ ಗ್ರಂಥ ಓದಿದ್ರಮ್ಮ?"

"ರುಜು ಹಾಕಕ್ಕೂ ಬರ್ತಿರ್ಲಿಲ್ಲ."

"ಹಾಗಾದ್ರೆ ಆಧಾರವಿಲ್ಲ," ಎಂದರು ಇಬ್ಬರೂ, ಆ ದಿನ ಮೊದಲ ಸಲ ಒಮ್ಮತದಿಂದ.

"ಇಲ್ದಿದ್ರೆ ಬಿಡಿ. ನೀವು ಮೇಲಿನ ಕಲ್ಲು ಹಿಡ್ಕಳಿ, ಅವರು ಕೆಳಗಿಂದು ಹಿಡ್ಕಳ್ಲಿ. ಗೇಟತ್ರ ಆಟೋ ನಿಂತದೆ."

ಸಭೆ ಗೊಳ್ಳೆಂದಿತು. ಮಾನ ಉಳಿಸಿಕೊಳ್ಳಲು ವೀರರಿಬ್ಬರೂ ಹೊತ್ತರು. ಹನ್ನೆರಡಕ್ಕೆ ಹತ್ತು ನಿಮಿಷವಿರುವಾಗ ಮದುವೆಮನೆಯಲ್ಲಿ ಆ ಕಲ್ಲಿಗೆ ವೀಳ್ಯದೆಲೆ, ಅರಿಶಿನದ ಕೊಂಬು ಕಟ್ಟಿ ಮುತ್ತೈದೆಯರು ಮೊದಲ ಸುತ್ತು ಬೀಸಿದರು.

ಅದೇ ಹೊತ್ತಿಗೆ ಕಾಲೇಜಿನ ನಡಾವಳಿ ಪುಸ್ತಕದಲ್ಲಿ ಠರಾವು ಬರೆಯಲಾಯಿತು: ಇಬ್ಬರೂ ವಿದ್ವಾಂಸರಿಗೆ ಸೊಂಟ ಹಿಡಿದುಕೊಂಡಿರುವುದರಿಂದ ತಿರುಗುಬಲದ ಮೂಲವನ್ನು ಮುಂದೂಡಲಾಗಿದೆ.