ನಿಧಿ ಹುಡುಕಾಟಕ್ಕೆ ಹೋದ ಉಂಡಿ ಡಬ್ಬಿ

ಹೈದರಾಬಾದಿನ ಗಲ್ಲಿ ಗಲ್ಲಿಯೂ ನನಗೆ ಗೊತ್ತು ಎಂದು ಮೂವತ್ನಾಲ್ಕು ವರ್ಷಗಳಿಂದ ಹೇಳಿಕೊಂಡು ಬಂದಿದ್ದೇನೆ. ಇದುವರೆಗೆ ಯಾರೂ ಪರೀಕ್ಷೆ ಮಾಡಿರಲಿಲ್ಲ. ಅದು ನನ್ನ ಪುಣ್ಯ!

ನಮ್ಮ ಆಫೀಸಿಗೆ ಬಂದ ಹೊಸ ಮ್ಯಾನೇಜರ್ ಕಾವ್ಯಾ ಅವರಿಗೆ ಸಿಬ್ಬಂದಿಯಲ್ಲಿ ಒಗ್ಗಟ್ಟಿಲ್ಲ ಎಂಬ ಕೊರಗು. ಸುಳ್ಳೇನಲ್ಲ. ಪಕ್ಕದ ಕುರ್ಚಿಯವನ ಹತ್ತಿರ ಪೆನ್ನು ಕೇಳಲೂ ನಮ್ಮವರು ಇಮೇಲ್ ಕಳಿಸುತ್ತಾರೆ. ಅದಕ್ಕೆ ಔಷಧಿಯೆಂದು ಒಂದು ಭಾನುವಾರ ನಿಧಿ ಹುಡುಕುವ ಆಟ ಗೊತ್ತುಮಾಡಿದರು. ಸುಳಿವಿನ ಚೀಟಿ ಬರೆಯುವವರು, ನಿಧಿ ಅಡಗಿಸುವವರು ಯಾರು? “ರಾವ್ ಗಾರೂ, ಈ ಊರು ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?” ಎಂದು ತೆಲುಗಿನಲ್ಲಿ ಅವರು ಹೊಗಳಿದ್ದೇ ತಡ, ನಾನು ಪೂರಿಯಂತೆ ಉಬ್ಬಿಬಿಟ್ಟೆ.

ಮನೆಯಲ್ಲೇ ಆರಾಮ ಕುರ್ಚಿಯಲ್ಲಿ ಕುಳಿತು ಸುಳಿವು ಬರೆಯತೊಡಗಿದೆ.

“ಒಮ್ಮೆ ಹೋಗಿ ನೋಡ್ಕೊಂಡರ ಬರ್ರಿ,” ಎಂದಳು ಹೆಂಡತಿ ಶಾಂತಾ.

“ಯಾಕ ಹೋಗ್ಬೇಕು? ಕಣ್ಣು ಮುಚ್ಚಿದ್ರ ಎಲ್ಲಾ ಕಾಣ್ತೈತಿ.”

“ಕಣ್ಣು ತಗದ್ರ ಕಾಣ್ತೈತೇನು? ಅದನ್ನ ನೋಡ್ರಿ ಮೊದಲ!”

ನಾನು ಕಣ್ಣು ಮುಚ್ಚಿದೆ. ಕಂಡದ್ದು ಮದುವೆಯಾದ ಹೊಸತರ ಭಾನುವಾರಗಳು. ಕಾಚಿಗೂಡ ಸ್ಟೇಷನ್ನಿನ ಎದುರು ದೊಡ್ಡ ಕನ್ನಡಿಯ ಇರಾನಿ ಹೋಟೆಲು. ಅಲ್ಲಿ ಒಂದೇ ಚಹಾ, ಎರಡು ಸಾಸರ್. ಮುಂದೆ ಬೇವಿನ ಮರದ ಕೆಳಗೆ ಕೆಂಪು ಅಂಚೆಡಬ್ಬಿ. ಶಾಂತಾ ವಾರಕ್ಕೊಂದು ಕಾಗದ ಅವ್ವನಿಗೆ ಅಲ್ಲೇ ಹಾಕುತ್ತಿದ್ದಳು. ಕೊನೆಗೆ ಅಬಿಡ್ಸ್ ಫುಟ್‌ಪಾತು, ಹಳೆಯ ಪುಸ್ತಕ ಮಾರುವ ಪಾಷಾಭಾಯ್. ಆಕೆಗಾಗಿ ಎಲ್ಲಿಂದಲೋ ಹಳೆಯ ಕನ್ನಡ ಕಾದಂಬರಿ ತಂದಿಟ್ಟಿರುತ್ತಿದ್ದ ಪುಣ್ಯಾತ್ಮ. ಈ ಮೂರೇ ನನ್ನ ಮೂರು ಸುಳಿವು.

ನಿಧಿಯೆಂದರೆ ಅರ್ಧ ಕಿಲೊ ಪೇಢೆ. ಅದನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟರೆ ನಿಧಿಗೆ ಮರ್ಯಾದೆಯೇ? ಕಪಾಟಿನಲ್ಲಿ ಶಾಂತಾಳ ಸ್ಟೀಲ್ ಡಬ್ಬಿ ಹೊಳೆಯುತ್ತಿತ್ತು. ಮದುವೆಯಲ್ಲಿ ಅವಳ ಅವ್ವ ಕೊಟ್ಟದ್ದು. ಮುಚ್ಚಳದ ಮೇಲೆ ಚುಕ್ಕಿ ಚುಕ್ಕಿಯಾಗಿ ‘ಶಾಂತಾಗ ಅವ್ವ’ ಎಂದು ಕೊರೆಸಿತ್ತು. ಪ್ರತಿ ನಾಗರಪಂಚಮಿಗೆ ಅತ್ತೆ ಇದರಲ್ಲೇ ಎಳ್ಳು, ಶೇಂಗಾದ ಉಂಡಿ ತುಂಬಿ ಕಳಿಸುತ್ತಿದ್ದರು. ಅವರು ತೀರಿಕೊಂಡ ಮೇಲೂ ಶಾಂತಾ ಮೊದಲ ಉಂಡಿಯನ್ನು ಇದರಲ್ಲೇ ಹಾಕುತ್ತಾಳೆ. ಅಲ್ಲಿಗೆ ಅವಳಿಗೆ ತವರಿನಿಂದ ಬುತ್ತಿ ಬಂದಂತೆ.

ಆಟದ ಮರುದಿನವೇ ಪಂಚಮಿ ಇತ್ತು. ‘ಮಧ್ಯಾಹ್ನದೊಳಗೆ ತಂದಿಟ್ಟರಾಯಿತು’ ಎಂದುಕೊಂಡು, ಭಾನುವಾರ ಬೆಳಿಗ್ಗೆ ಅವಳು ಪೂಜೆಗೆ ಕೂತಾಗ ಡಬ್ಬಿ ಎತ್ತಿಕೊಂಡು ಅಬಿಡ್ಸ್‌ಗೆ ಹೋದೆ. ಪಾಷಾಭಾಯ್ ಅದನ್ನು ಪುಸ್ತಕದ ರಾಶಿಯ ಹಿಂದೆ ಇಟ್ಟುಕೊಂಡ.

ಹತ್ತಕ್ಕೆ ಕಾಚಿಗೂಡದಲ್ಲಿ ಹನ್ನೊಂದು ಮಂದಿ ಹೊರಟರು. ಹತ್ತೂಕಾಲಿಗೆ ನನ್ನ ಫೋನು ಬಡಿದುಕೊಂಡಿತು.

“ಸರ್, ಇಲ್ಲಿ ಹೋಟೆಲ್ಲೇ ಇಲ್ಲ. ಮೊಬೈಲ್ ಕವರ್ ಮಾರ್ತಿದಾರೆ!”

ಅಬಿಡ್ಸ್‌ನಿಂದ ಕಾಚಿಗೂಡಕ್ಕೆ ಓಡಿದೆ. ಆಟೋದವನನ್ನು ಕೇಳಿದರೆ, “ಓ ತೋ ಕಬ್ ಕಾ ಬಂದ್ ಹೋಗಯಾ ಸಾಬ್,” ಅದು ಮುಚ್ಚಿ ಯಾವ ಕಾಲವಾಯಿತು ಎಂದು ನನ್ನನ್ನೇ ಮೇಲಿಂದ ಕೆಳಗೆ ನೋಡಿದ. ಆಗಲಿ, ಅಂಚೆಡಬ್ಬಿಯಾದರೂ ಇದೆಯಲ್ಲ ಎಂದು ಎಲ್ಲರನ್ನೂ ನಡೆಸಿಕೊಂಡು ಹೋದೆ. ಅಂಚೆಡಬ್ಬಿಯೂ ಇಲ್ಲ, ಬೇವೂ ಇಲ್ಲ! ಅಲ್ಲೊಂದು ಅಪಾರ್ಟ್‌ಮೆಂಟು ಎದ್ದಿತ್ತು. ನಾವು ಫ್ಲ್ಯಾಟ್ ನೋಡಲು ಬಂದವರೆಂದು ವಾಚ್‌ಮನ್ ಲಿಫ್ಟ್ ತೆರೆದು ನಿಂತ.

ಆಟ ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಶಾಂತಾ ಇಲ್ಲೇ ಅವ್ವನಿಗೆ ಕಾಗದ ಹಾಕುತ್ತಿದ್ದಳು ಎಂದೆ. ಯಾರೋ, “ನಿಮ್ಮ ಮೇಡಮ್ ಕಾಗದದಲ್ಲಿ ಏನು ಬರೀತಿದ್ರು ಸರ್?” ಎಂದು ಕೇಳಿಬಿಟ್ಟರು. ನನಗೆ ಅಷ್ಟೇ ಬೇಕಿತ್ತು! ಇಲ್ಲಿ ಮಲ್ಲಿಗೆ ಕೊಳ್ಳುತ್ತಿದ್ದೆವು, ಇಲ್ಲಿ ಆಕೆಯ ಚಪ್ಪಲಿ ಕಿತ್ತಿತ್ತು ಎಂದು ಹೇಳುತ್ತಾ, ಊಟಕ್ಕೂ ಕೂತು ಹೇಳುತ್ತಾ, ಅಬಿಡ್ಸ್ ತಲುಪಿದಾಗ ಮೂರು ಗಂಟೆ. ಜಿಟಿಜಿಟಿ ಮಳೆ. ಫುಟ್‌ಪಾತು ಖಾಲಿ! ಪುಸ್ತಕದವರೆಲ್ಲ ಗಂಟು ಕಟ್ಟಿಕೊಂಡು ಹೋಗಿದ್ದರು.

“ಆತನ ಫೋನ್ ನಂಬರ್?” ಎಂದರು ಕಾವ್ಯಾ.

“ಇಲ್ಲ.”

“ಮನೆ?”

“ಆ ಕಡೆ,” ಎಂದು ನಾಂಪಲ್ಲಿಯತ್ತ ಕೈ ಬೀಸಿದೆ. ಮೂವತ್ನಾಲ್ಕು ವರ್ಷದ ಸ್ನೇಹ!

“ಹೋಗಲಿ ಬಿಡಿ ಸರ್, ಪೇಢೆ ತಾನೇ?” ಎಂದರು ಎಲ್ಲರೂ. ಆಗ ಡಬ್ಬಿಯ ಕಥೆ ಹೇಳಲೇಬೇಕಾಯಿತು. ಕಾವ್ಯಾ ದುಪಟ್ಟಾ ತಲೆಗೆ ಸುತ್ತಿಕೊಂಡು ಮಳೆಗಿಳಿದರು. ಅವರ ಹಿಂದೆ ಎಲ್ಲರೂ! ಇಮೇಲ್ ಬಿಟ್ಟು ಮಾತಾಡದ ಜನ ರಸ್ತೆಯಲ್ಲಿ ಹೆಸರು ಹಿಡಿದು ಕೂಗಿಕೊಳ್ಳುತ್ತಾ, ಒಂದು ಕೊಡೆಯಲ್ಲಿ ಮೂವರು ತೂರಿಕೊಂಡು, ನಾಂಪಲ್ಲಿಯವರೆಗಿನ ಚಹಾ ಅಂಗಡಿಗಳಲ್ಲೆಲ್ಲ ಪಾಷಾಭಾಯ್‌ನನ್ನು ವಿಚಾರಿಸಿದರು. ಆ ಹೆಸರಿನ ನಾಲ್ವರು ಸಿಕ್ಕರು. ನಮ್ಮವನು ಸಿಗಲಿಲ್ಲ.

ಐದಕ್ಕೆ ಶಾಂತಾಳ ಫೋನು. ಅವಳು ಬಾಯಿ ತೆರೆಯುವ ಮೊದಲೇ ಒಪ್ಪಿಕೊಂಡೆ.

“ತಪ್ಪಾತು ಮಾರಾಯ್ತಿ. ಅವ್ವನ ಡಬ್ಬಿ ಕಳದೀನಿ.”

“ಡಬ್ಬಿ ಮನ್ಯಾಗ ಐತಿ,” ಎಂದಳು. “ಮಳಿ ಬಂತಂತ ಪಾಷಾಭಾಯ್ ಮಧ್ಯಾಹ್ನನಽ ತಂದುಕೊಟ್ಟು ಹೋದ್ರು. ಸಾಹೇಬ್ರು ಮರತು ಹೋಗ್ಯಾರ ಅಂದ್ರು.”

“ಅವಂಗ ನಮ್ಮನಿ ಹೆಂಗ ಗೊತ್ತು?”

“ವರ್ಷಾ ದೀಪಾವಳಿಗೆ ಚಕ್ಕಲಿ-ಫರಾಳ ಒಯ್ಯಾಕ ಬರ್ತಾರಲ್ರಿ! ನೀವು ಪೇಪರ್ ಓದಾಕತ್ತಿರ್ತೀರಿ. ಅವರ ನಂಬರ್ ನನ್ನ ಫೋನಿನ್ಯಾಗ ಐತಿ. ಒಂದು ಮಾತು ಕೇಳಿದ್ರ ಏನು ಗಂಟು ಹೋಗ್ತಿತ್ತು?”

ನಂಬರ್ ಮನೆಯಲ್ಲೇ ಇತ್ತು! ಹನ್ನೆರಡು ಜನ ಎರಡು ಗಂಟೆ ನೆನೆದಿದ್ದೆವು.

ತೊಯ್ದ ದಂಡೆಲ್ಲ ನಮ್ಮ ಮನೆಗೇ ಬಂತು. ಶಾಂತಾ ಎಲ್ಲರಿಗೂ ಟವೆಲ್ ಕೊಟ್ಟು, ಬಿಸಿ ಮಿರ್ಚಿ ಭಜ್ಜಿ ಕೊಟ್ಟಳು. ಪೇಢೆಯನ್ನು ಪಾಷಾಭಾಯ್‌ನ ಮೊಮ್ಮಕ್ಕಳಿಗೆ ಆಗಲೇ ಕಳಿಸಿಯಾಗಿತ್ತು. “ಮೂವತ್ನಾಲ್ಕು ವರ್ಷದಿಂದ ದಿನಾ ಇವರ ಚಸ್ಮಾ ಹುಡುಕ್ತಾ ಇದ್ದೇನೆ. ನನಗೆ ಯಾರೂ ಟೀಮ್ ಕೊಡಲಿಲ್ಲ,” ಎಂದು ತೆಲುಗಿನಲ್ಲಿ ದೂರಿಕೊಂಡಳು. ಆಫೀಸು ಸೇರಿದ ಮೇಲೆ ಅಷ್ಟು ಜನ ಒಟ್ಟಿಗೆ ನಕ್ಕದ್ದನ್ನು ನಾನು ಮೊದಲ ಬಾರಿ ಕೇಳಿದೆ.

ಮರುದಿನ ನೈವೇದ್ಯವಾದ ಮೇಲೆ ಅವಳು ಅದೇ ಡಬ್ಬಿಯ ತುಂಬ ಉಂಡಿ ತುಂಬಿದಳು, ಆಫೀಸಿನವರಿಗೆಂದು. ನಾನು ಧನ್ಯತೆಯಿಂದ ಎರಡೂ ಕೈ ಚಾಚಿದೆ.

“ನಿಮ್ಮ ಕೈಯಾಗಲ್ಲ,” ಎಂದಳು. “ಕೆಳಗ ಕಾವ್ಯಾ ಕಾರು ತಂದಾಳ. ಡಬ್ಬಿ ಆಕಿ ಒಯ್ತಾಳ. ನಿಮ್ಮನ್ನೂ ಆಕೀನಽ ಒಯ್ಯಲಿ, ದಾರಿ ತಪ್ಪೀರಿ!”