ನದಾಫ ಸರ್ ಮನಸ್ಸಿಗೆ ನಾನು ಮಾಡಿದ ಉಪಚಾರ

ಜೊತೆಗೆ ಕೆಲಸ ಮಾಡುವವರ ಮನಸ್ಸಿನ ಆರೋಗ್ಯ ನೋಡಿಕೊಳ್ಳುವುದು ಹೇಗೆಂದು ಗದಗಿನಲ್ಲಿ ಒಂದು ದಿನದ ತರಬೇತಿ ಇತ್ತು. ನಮ್ಮ ಹೈಸ್ಕೂಲಿನಿಂದ ಹೆಡ್‌ಮಾಸ್ತರರು ನನ್ನನ್ನು ಕಳಿಸಿದರು. ಇಪ್ಪತ್ತು ವರ್ಷ ಗಣಿತ ಕಲಿಸಿದವನಿಗೆ ಮನಸ್ಸು ಯಾವ ದೊಡ್ಡ ಲೆಕ್ಕ! "ಮೊದಲು ಕೇಳಿಸಿಕೊಳ್ಳಿ, ಸಲಹೆ ಕೊಡಬೇಡಿ" ಎಂದು ತರಬೇತಿ ಕೊಡುತ್ತಿದ್ದ ಮೇಡಂ ಹೇಳಿದಾಗ ನಾನು ಎದ್ದು ನಿಂತು, ಕೇಳಿಸಿಕೊಳ್ಳುವುದರ ಮಹತ್ವದ ಬಗ್ಗೆ ಕಾಲು ಗಂಟೆ ಮಾತಾಡಿದೆ. ಮೇಡಂ ನೀರು ಕುಡಿದರು.

ರೋಣಕ್ಕೆ ಮರಳುವ ಬಸ್ಸಿನಲ್ಲೇ ರೋಗಿಯನ್ನು ಗೊತ್ತು ಮಾಡಿದೆ. ಚಿತ್ರಕಲೆ ಕಲಿಸುವ ನದಾಫ ಸರ್! ಹದಿಮೂರು ವರ್ಷ ನಾವಿಬ್ಬರೂ ಮಧ್ಯಾಹ್ನ ಅಕ್ಕಪಕ್ಕ ಕೂತು ಉಂಡವರು. ನನ್ನ ರೊಟ್ಟಿ, ಅವರ ಮನೆಯ ಶೇಂಗಾ ಹಿಂಡಿ ಚಟ್ನಿ. ಎರಡು ತಿಂಗಳಿಂದ ಮಾತ್ರ ಅವರು ಡಬ್ಬಿ ಹಿಡಿದು ಮೈದಾನದ ಬೇವಿನ ಮರದ ಕೆಳಗೆ ಒಬ್ಬರೇ ಕೂಡುತ್ತಿದ್ದರು. ಅವರಿಲ್ಲದ ಊಟ ನನಗೂ ರುಚಿಸುತ್ತಿರಲಿಲ್ಲ. ಹೇಗಾದರೂ ಮಾಡಿ ಅವರನ್ನು ಮತ್ತೆ ಪಕ್ಕಕ್ಕೆ ತಂದುಕೊಳ್ಳಬೇಕಿತ್ತು.

ಮರುದಿನ ಮರದ ಕೆಳಗೆ ಹೋಗಿ ಕೂತೆ.

"ಯಾಕ್ರಿ ಸರ, ಮನಸಿಗೆ ಏನರ ತ್ರಾಸ ಐತೇನ್ರಿ?"

"ಏನಿಲ್ರಿ. ಇಲ್ಲಿ ಗಾಳಿ ಚಲೋ ಬರತೈತಿ."

"ಏನಿಲ್ಲ ಅಂದ್ರ ಭಾಳ ಐತಿ ಅಂತ ಅರ್ಥ ರೀ! ಮುಂಜಾನೆ ಲಗೂ ಏಳ್ರಿ. ಬಿಸಿನೀರು ಕುಡೀರಿ. ಮೊಬೈಲ್ ನೋಡೂದು ಕಡಿಮಿ ಮಾಡ್ರಿ..."

ಒಂಬತ್ತನೆಯ ಸಲಹೆಗೆ ಬರುವಷ್ಟರಲ್ಲಿ ಅವರು ಡಬ್ಬಿ ಮುಚ್ಚಿದರು. ಅರ್ಧ ರೊಟ್ಟಿ ಒಳಗೇ ಉಳಿದಿತ್ತು. 'ರೋಗಿಗೆ ಊಟ ಸೇರುತ್ತಿಲ್ಲ' ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ.

ಇದು ಒಬ್ಬನಿಂದ ಆಗುವ ಕೆಲಸವಲ್ಲ ಎನಿಸಿತು. ನದಾಫ ಸರ್ ಜೊತೆ ಮೃದುವಾಗಿರಿ ಎಂದು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಗುಟ್ಟಾಗಿ ಹೇಳಿದೆ. ಎಲ್ಲರೂ ಒಮ್ಮೆಲೇ ಮೃದುವಾದರು! ಹೆಡ್‌ಮಾಸ್ತರರು ತಮ್ಮ ಖುರ್ಚಿ ಬಿಟ್ಟುಕೊಟ್ಟರು. ಪಿಟಿ ಮಾಸ್ತರರು ಅವರ ಕೈಚೀಲ ಹೊತ್ತರು. ಹೋಗುವವರು ಬರುವವರೆಲ್ಲ ಅವರ ಬೆನ್ನು ಸವರಿದರು. ಪಾಪ, ನದಾಫ ಸರ್ ಹಿಂದಿನ ವಾರವಷ್ಟೇ ದವಾಖಾನೆಯಲ್ಲಿ ತಪಾಸಣೆಗೆಂದು ರಕ್ತ ಕೊಟ್ಟು ಬಂದಿದ್ದರು. ಈ ಪ್ರೀತಿ ಕಂಡು ಬೆವರಿದರು.

"ಖರೇ ಹೇಳ್ರಿ, ನನ್ನ ರಿಪೋರ್ಟ್ ನಿಮಗೇನರ ಗೊತ್ತಾಗೇತೇನ್ರಿ?"

"ಧೈರ್ಯ ತಗೋರಿ ಸರ, ನಾವೆಲ್ಲಾ ಅದೀವಿ" ಎಂದೆ. ತರಬೇತಿಯಲ್ಲಿ ಹೇಳಿಕೊಟ್ಟ ಮಾತು! ಅವರ ಮುಖ ಮತ್ತಷ್ಟು ಬಿಳಿಚಿಕೊಂಡಿತು. ಗಾಬರಿಯಾಗಿ ಅವರ ಹೆಂಡತಿಗೆ ಫೋನ್ ಮಾಡಿದೆ.

"ಭಾಭಿ, ಏನಾಗೇತಿ ಅಂತ ಕೇಳಬ್ಯಾಡ್ರಿ. ಸರ್ ಸುತ್ತ ನಾಕು ಮಂದಿ ಇರಬೇಕ್ರಿ, ಅಷ್ಟ!"

ನಾಲ್ಕಲ್ಲ, ಹನ್ನೊಂದು ಮಂದಿ ಬಂದರು. ಮರುದಿನ ಮಧ್ಯಾಹ್ನ ನರಗುಂದದಿಂದ ಬೀಗರು, ನೆಂಟರು ತುಂಬಿದ ಟ್ರ್ಯಾಕ್ಸ್ ಗಾಡಿ ಶಾಲೆಯ ಮೈದಾನಕ್ಕೇ ನುಗ್ಗಿತು. ಹೆಂಗಸರು ಇಳಿಯುವ ಮೊದಲೇ ಅಳತೊಡಗಿದ್ದರು. ಅವರನ್ನು ಕಂಡು ನದಾಫ ಸರ್ ನಿಂತಲ್ಲೇ ಕುಸಿದು ಕೂತರು. ಅವರ ಹೆಂಡತಿಯ ತಮ್ಮ ಬರುವ ದಾರಿಯಲ್ಲಿ ದವಾಖಾನೆಯಿಂದ ರಿಪೋರ್ಟ್ ಇಸಿದುಕೊಂಡು ಬಂದಿದ್ದ. ಬಿಚ್ಚಿ ಓದಿದ.

"ಎಲ್ಲಾ ಬರೋಬ್ಬರಿ ಐತಲ್ಲ! ಹಂಗಾರ ಫೋನ್ ಮಾಡಿದವರು ಯಾರ್ರಿ?"

ಹೆಡ್‌ಮಾಸ್ತರರ ಸಮೇತ ಎಲ್ಲರೂ ನನ್ನತ್ತ ತಿರುಗಿದರು. ನಾನು ಆಕಾಶ ನೋಡಿದೆ.

ನೆಂಟರಿಗೆಲ್ಲ ಚಹಾ ಕುಡಿಸಿ ಕಳಿಸಿದ ಮೇಲೆ ನದಾಫ ಸರ್ ನನ್ನ ಕೈ ಹಿಡಿದು ಬೇವಿನ ಮರದ ಕೆಳಗೆ ಎಳೆದುಕೊಂಡು ಹೋದರು. ಅವರು ದನಿ ಏರಿಸಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ನಾ ಯಾಕ ಇಲ್ಲಿ ಬಂದು ಕುಂತೀನಿ ಗೊತ್ತೇನ್ರಿ? ಮಗಳ ಲಗ್ನ ಆಗಿ ಹೋದ ಮ್ಯಾಲೆ ಮನಿ ಖಾಲಿ ಖಾಲಿ ಅನಸತೈತಿ ಅಂತ ನಿಮಗ ಹೇಳಿದ್ನಿ. ನೀವೇನಂದ್ರಿ?"

ನೆನಪಾಯಿತು. ಒಂದು ಖೋಲಿ ಬಾಡಿಗೆಗೆ ಕೊಡಿ ಎಂದಿದ್ದೆ.

"ಮರುದಿನ ಮತ್ತ ಹೇಳಾಕ ಬಂದ್ನಿ. ನೀವು ಬಾಡಿಗಿಯವರನ್ನ ಕರಕೊಂಡೇ ಬಂದಿದ್ರಿ!"

ನನಗೆ ನಿಜಕ್ಕೂ ನಾಚಿಕೆಯಾಯಿತು. ಸಮಜಾಯಿಷಿ ಕೊಡಲು ಬಾಯಿ ತೆರೆದೆ. ಅವರು ಅದರೊಳಗೆ ತಮ್ಮ ಡಬ್ಬಿಯ ರೊಟ್ಟಿಯ ಚೂರು ತುರುಕಿದರು! ಕಟಕಟ ಎನ್ನುವ ಒಣ ರೊಟ್ಟಿ, ಲಗುಬಗೆಯಿಂದ ನುಂಗುವಂಥದ್ದಲ್ಲ. ನಾನು ಅಗಿಯುತ್ತಿರುವಾಗ ಅವರು ಮಗಳ ಬಗ್ಗೆ ಹೇಳಿದರು. ಅವರು ಚಿತ್ರ ಬಿಡಿಸಲು ಕೂತರೆ ಅವಳೂ ಪಕ್ಕದಲ್ಲಿ ಕೂತು ಆಕಾಶಕ್ಕೆ ಬಣ್ಣ ತುಂಬುತ್ತಿದ್ದಳಂತೆ. ಈಗ ಮನೆಯಲ್ಲಿರುವ ಚಿತ್ರಗಳಲ್ಲೆಲ್ಲ ಆಕಾಶ ಬರಿದಾಗಿಯೇ ಉಳಿದಿದೆಯಂತೆ. ನುಂಗಿ ಮುಗಿಸಿದೆನೆಂದು ಕಂಡ ಕೂಡಲೇ ಇನ್ನೊಂದು ಚೂರು ಕೊಟ್ಟರು. ಹೇಳುತ್ತ ಹೇಳುತ್ತ ಅವರ ಕಣ್ಣು ತುಂಬಿತು, ನನ್ನದೂ ತುಂಬಿತು. ಹದಿಮೂರು ವರ್ಷದಲ್ಲಿ ಅವರ ಮಾತನ್ನು ಕೊನೆಯವರೆಗೆ ಕೇಳಿದ್ದು ಅಂದೇ.

"ನಾಳೆಯಿಂದ ನಾನೂ ಇಲ್ಲೇ ಕೂಡ್ಲೇನ್ರಿ ಸರ?" ಎಂದು ಅಂಜುತ್ತಲೇ ಕೇಳಿದೆ.

"ಬರ್ರಿ. ಆದ್ರ ಎರಡು ರೊಟ್ಟಿ ಹೆಚ್ಚಿಗಿ ತರ್ರಿ."

"ನಿಮಗೇನ್ರಿ?"

"ನನಗ್ಯಾಕ್ರಿ? ನಿಮಗ! ನಾ ಹೇಳೂದು ಮುಗಿಯೂ ಮಟ ನಿಮ್ಮ ಬಾಯಿ ತುಂಬಿರಬೇಕಲ್ರಿ!"

ಈಗ ದಿನವೂ ಜೊತೆಗೇ ಉಣ್ಣುತ್ತೇವೆ. ನದಾಫ ಸರ್ ಮೊದಲಿನ ಹಾಗೆ ನಗುತ್ತಾರೆ. ನನ್ನ ಪ್ಯಾಂಟುಗಳೇ ಬಿಗಿಯಾಗಿವೆ!