ಭಾವನ ಕಹಳೆ, ನನ್ನ ಶಾಲು

ಕರೆಂಟು ಹೋಗಬಹುದಿತ್ತು. ಮೋಡ ಕವಿಯಬಹುದಿತ್ತು. ಏಣಿ ಜಾರಬಹುದಿತ್ತು. ಶಿಕಾರಿಪುರದ ನಮ್ಮ ಕಾಲೇಜಿನ ತಾರಸಿಯ ಮೇಲೆ ಆಡಳಿತ ಮಂಡಳಿಯ ಅಧ್ಯಕ್ಷರನ್ನು ಕೋತಿಯೇ ಕಚ್ಚಬಹುದಿತ್ತು! ಅದೇ ಕಾಲೇಜಿನ ಗುಮಾಸ್ತನಾದ ನಾನು ಇದಕ್ಕೆಲ್ಲ ವಾರವಿಡೀ ಹೆದರಿದ್ದೆ. ಹೆದರುವುದರಲ್ಲಿ ನನ್ನದು ಪಳಗಿದ ಕೈ.

ಏಕೆಂದರೆ ಅಂದು ನಮ್ಮ ಭಾವನ ಯಂತ್ರದ ಪರೀಕ್ಷೆ. ಸೊರಬದ ಭಾವ, ಪಾಲಿಟೆಕ್ನಿಕ್‌ನಿಂದ ನಿವೃತ್ತರಾದ ಮೇಷ್ಟ್ರು, ಲೋಕದಲ್ಲೇ ಅತಿ ಸೋಮಾರಿ ಯಂತ್ರ ಮಾಡಿದವರು! ಅದು ಬೆಳಕು ಬಿಡದು, ಕಿರಣ ಕಳಿಸದು. ಮೈಯಿಂದ ತಾನಾಗಿ ಹೊರಡುವ, ಕಣ್ಣಿಗೆ ಕಾಣದ ಮಿಲಿಮೀಟರ್ ಅಲೆಗಳನ್ನು ಸುಮ್ಮನೆ ಹಿಡಿದು ಚುಕ್ಕಿ ಚುಕ್ಕಿಯಾಗಿ ಚಿತ್ರ ಬಿಡಿಸುತ್ತದೆ. ದಟ್ಟ ಮಂಜಿನಲ್ಲೂ ಮನುಷ್ಯ ಕಾಣುತ್ತಾನಂತೆ. ಹಿಡಿಯುವ ಆಂಟೆನಾ ಎಂದರೆ ಹೆಬ್ಬೆರಳಿನಷ್ಟು ಹಿತ್ತಾಳೆ ಕಹಳೆ. ಅದರೊಳಗೆ ಕೊರೆದ ಬಳೆಯಂಥ ಗೀರುಗಳನ್ನು ತಿದ್ದುತ್ತಲೇ ಹನ್ನೊಂದು ವರ್ಷ ಕಳೆದರು.

"ಆಚೀಚೆಯದಕ್ಕೆ ಕಿವಿ ಕೊಡಬಾರ್ದು ಕಣೋ. ಎದುರಿಗಿದ್ದದ್ದನ್ನ ಮಾತ್ರ ಹಿಡೀಬೇಕು," ಎನ್ನುತ್ತಿದ್ದರು ಭಾವ, ಕಹಳೆ ತೋರಿಸಿ.

"ರೀ, ಎದುರಿಗೇ ನಿಂತು ಊಟಕ್ಕೆ ಕರೀತಿದೀನಿ, ಅದನ್ನೂ ಹಿಡೀರಿ!" ಎನ್ನುತ್ತಿದ್ದಳು ಅಕ್ಕ.

ಚಿತ್ರ ಮೂಡಲು ಹತ್ತು ನಿಮಿಷ ಅಲುಗದೆ ಕೂರಬೇಕು. ಒಮ್ಮೆ ಅಂಗಳದಲ್ಲಿ ಅಕ್ಕ ತೊಡೆಯ ಮೇಲೆ ಸ್ಟೀಲ್ ತಟ್ಟೆ ಇಟ್ಟುಕೊಂಡೇ ಕೂತಳು. ಚಿತ್ರದಲ್ಲಿ ತೊಡೆಯಿದ್ದಲ್ಲಿ ಕರಿ ಗುಂಡಿ! ಲೋಹ ಕನ್ನಡಿಯ ಹಾಗೆ, ಮೇಲಿನ ತಣ್ಣನೆಯ ಆಕಾಶವನ್ನೇ ತೋರಿಸುತ್ತದಂತೆ; ತಣ್ಣಗಿದ್ದದ್ದೆಲ್ಲ ಚಿತ್ರದಲ್ಲಿ ಕಪ್ಪು. "ಕೂರೋರ ಮೈಮೇಲೆ ಲೋಹ ಇರಬಾರ್ದು," ಎಂದು ಭಾವ ನನಗೆ ಹತ್ತು ಸಲ ಹೇಳಿದ್ದರು.

ಅಧ್ಯಕ್ಷರು ಮೆಚ್ಚಿದರೆ ಯಂತ್ರಕ್ಕೆ ಕಾಲೇಜಿನ ಪ್ರಯೋಗಾಲಯ, ಇಲ್ಲದಿದ್ದರೆ ಅಟ್ಟ. ಅಧ್ಯಕ್ಷರೇ ಕುರ್ಚಿಯಲ್ಲಿ ಕೂತರು. ನಾನು ವಾಚು, ಉಂಗುರ, ಬೆಲ್ಟು ಎಲ್ಲ ಬಿಚ್ಚಿಸಿದೆ. ಆಮೇಲೆ? ದೊಡ್ಡವರನ್ನು ಹಾಗೇ ಕೂರಿಸುವುದುಂಟೆ! ಮೈತುಂಬ ಬೆಳ್ಳಿ ಎಳೆಯಿದ್ದ ಅಸಲಿ ಜರಿಯ ಶಾಲು ಹೊದಿಸಿದೆ. ಯಂತ್ರದ ಹಿಂದೆ ಬಗ್ಗಿದ್ದ ಭಾವ ನೋಡಲಿಲ್ಲ.

ಪರದೆಯ ಮೇಲೆ ತಲೆ ಬಂತು, ಕೈ ಬಂತು, ಕಾಲು ಬಂತು. ಅಧ್ಯಕ್ಷರ ಎದೆ ಹೊಟ್ಟೆ ಎರಡೂ ಇಲ್ಲ!

"ಇದೇನ್ರೀ, ನನಗ ಎದೀನೇ ಇಲ್ಲ! ಮರ್ಯಾದಿ ಕಳಿಯಾಕ ಕರೆಸೀರೇನು? ಯಾರದ್ರೀ ಇದು ತಪ್ಪು?"

ಭಾವ ಶಾಲು ನೋಡಿದರು. ನನ್ನನ್ನು ನೋಡಿದರು. ಹೋದ ತಿಂಗಳು ಇದೇ ಅಧ್ಯಕ್ಷರು, ಕಾಫಿ ಚೆಲ್ಲಿದ್ದಕ್ಕೆ ಒಬ್ಬ ಗುಮಾಸ್ತನನ್ನು ಮನೆಗೆ ಕಳಿಸಿದ್ದು ಭಾವನಿಗೆ ಗೊತ್ತಿತ್ತು.

"ನಂದೇ ಸರ್. ಆಂಟೆನಾನೇ ಸರಿಯಿಲ್ಲ."

ಅಧ್ಯಕ್ಷರು ಶಾಲು ಸಮೇತ ಇಳಿದು ಹೋದರು. ನನಗೆ ನೌಕರಿ ಉಳಿಯಿತು, ಯಂತ್ರಕ್ಕೆ ಅಟ್ಟ ಸಿಕ್ಕಿತು.

"ಭಾವ, ಆ ಶಾಲು ನಾನೇ..." ಎಂದೆ.

ಭಾವ ಇನ್ನೂ ಪರದೆಯನ್ನೇ ನೋಡುತ್ತಿದ್ದರು.

"ಬಿಡೋ. ಎಷ್ಟು ಚೆನ್ನಾಗಿ ಹಿಡಿದೈತೆ ನೋಡು, ಶಾಲಿನ ಅಂಚು ಸೈತ ತಪ್ಪಿಲ್ಲ."